ಮ್ಯಾನಿಫೋಲ್ಡ್ ಬದಲಿಸಿದರೆ ಟ್ರಕ್ಕಿಗೆ 40 ಹಾರ್ಸ್ ಪವರ್ ಜಾಸ್ತಿ ಬರುತ್ತಾ?

ಪ್ರಶ್ನೆ: ಸರ್, ನನ್ನದು ಆರು ಸಿಲಿಂಡರಿನ, 6 ಲೀಟರಿನ ಟರ್ಬೊ ಡೀಸೆಲ್ ಟ್ರಕ್. 250 ಹಾರ್ಸ್ ಪವರ್. ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣ್ಣಗೆ ಮಾಡುವುದು) ಇದೆ, ಇಜಿಆರ್ (ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ವಾಪಸ್ ಎಂಜಿನ್‌ಗೆ ಬಿಡುವುದು) ಕೂಡ ಇದೆ. 11 ವರ್ಷ ಓಡಿದೆ. ಮೊದಲು ಲೋಡ್ ಇದ್ದರೂ ನಾಲ್ಕನೇ ಗೇರಿನಲ್ಲೇ ಹತ್ತುತ್ತಿದ್ದ ಏರನ್ನು ಈಗ ಮೂರಕ್ಕೆ ಇಳಿಸದೆ ಹತ್ತುವುದಿಲ್ಲ. ಹಿಂದೆ ಕಪ್ಪು ಹೊಗೆಯೂ ಬರುತ್ತದೆ. ಸ್ನೇಹಿತರೊಬ್ಬರು, "ಕಂಪನಿಯವರು ಕೊಟ್ಟ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಬಾಯಿ ಚಿಕ್ಕದು, ಎಂಜಿನ್‌ಗೆ ಉಸಿರು ಕಟ್ಟುತ್ತೆ. ದೊಡ್ಡ ಬಾಯಿಯ ಅಲ್ಯುಮಿನಿಯಂ ಮ್ಯಾನಿಫೋಲ್ಡ್ ಹಾಕು, 40 ಹಾರ್ಸ್ ಪವರ್ ಜಾಸ್ತಿ ಬರುತ್ತೆ" ಅಂದರು. ಮಾರುವವರೂ ಅದನ್ನೇ ಹೇಳುತ್ತಾರೆ. ಹಾಕುವಾಗ ಇಜಿಆರ್ ಬಾಯಿಗೆ ಪ್ಲೇಟ್ ಹೊಡೆದು ಮುಚ್ಚಬೇಕಂತೆ. ಅಷ್ಟು ಪವರ್ ನಿಜವಾಗಿ ಬರುತ್ತಾ? ಎಂಜಿನ್‌ಗೆ ತೊಂದರೆ ಏನಾದರೂ ಆಗುತ್ತಾ? ಹಳೇ ಮ್ಯಾನಿಫೋಲ್ಡನ್ನು ಕೇಳುವವರಿದ್ದಾರೆ, ಕೊಟ್ಟುಬಿಡಲಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು 'ಮೊದಲು' ಅನ್ನೋ ಪದದ ಮೇಲೆ. ಮೊದಲೂ ಇದೇ ಏರು, ಇದೇ ಲೋಡು, ಇದೇ ಮ್ಯಾನಿಫೋಲ್ಡ್. ಆದರೂ ನಾಲ್ಕನೇ ಗೇರಿನಲ್ಲಿ ಹತ್ತುತ್ತಿತ್ತು. ಮ್ಯಾನಿಫೋಲ್ಡಿನ ಬಾಯಿ ಚಿಕ್ಕದಾಗಿದ್ದರೆ ಅದು ಮೊದಲ ದಿನದಿಂದಲೂ ಚಿಕ್ಕದೇ ಅಲ್ವಾ? ಲೋಹ ವರ್ಷದಿಂದ ವರ್ಷಕ್ಕೆ ಕುಗ್ಗುವುದಿಲ್ಲ. (ಒಳಗೆ ಮಸಿ ಕಟ್ಟಿ ಕಿರಿದಾಗಬಹುದು. ಅದಕ್ಕೆ ಆಮೇಲೆ ಬರುತ್ತೇನೆ.) ಅಂದರೆ ನಿಮ್ಮ ಎಂಜಿನ್ ತನ್ನ ಹತ್ತಿರ ಇದ್ದದ್ದನ್ನೇ ಎಲ್ಲೋ ಕಳೆದುಕೊಂಡಿದೆ. ಮೊದಲು ಅದನ್ನು ಹುಡುಕೋಣ. ಹೊಸ ಭಾಗ ಹಾಕುವ ಮಾತು ಅದಾದ ಮೇಲೆ.

ಆದರೂ ನೀವು ಕೇಳಿದ್ದು ಮ್ಯಾನಿಫೋಲ್ಡ್ ಬಗ್ಗೆ, ಹಾಗಾಗಿ ಅದರ ಲೆಕ್ಕವನ್ನೇ ಮೊದಲು ಮಾಡಿಬಿಡೋಣ. ಕಷ್ಟದ ಲೆಕ್ಕವಲ್ಲ.

ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. 6 ಲೀಟರಿನ ಎಂಜಿನ್ 2500 ಆರ್‌ಪಿಎಂನಲ್ಲಿ ಓಡುವಾಗ ನಿಮಿಷಕ್ಕೆ 7500 ಲೀಟರ್ ಗಾಳಿ ಎಳೆಯಬೇಕು. ಪೂರ್ತಿ ತುಂಬುವುದಿಲ್ಲ, ನೂರಕ್ಕೆ ತೊಂಬತ್ತು ಭಾಗ ತುಂಬುತ್ತದೆ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ ಸುಮಾರು 112 ಲೀಟರ್ ಆಯಿತು. ಮ್ಯಾನಿಫೋಲ್ಡಿಗೆ ಹೋಗುವ ಪೈಪು 75 ಮಿಲಿಮೀಟರ್ ಇದ್ದರೆ ಅದರಲ್ಲಿ ಗಾಳಿ ಓಡುವ ವೇಗ ಸೆಕೆಂಡಿಗೆ 25 ಮೀಟರ್. ಗಂಟೆಗೆ 90 ಕಿಲೋಮೀಟರ್. ಟ್ರಕ್ ಜೋರಾಗಿ ಹೋಗುವಾಗ ಕಿಟಕಿಯಿಂದ ಕೈ ಹೊರಗೆ ಹಿಡಿದರೆ ಅಂಗೈಗೆ ಬಡಿಯುತ್ತಲ್ಲ, ಅಷ್ಟು ವೇಗ. ಗಾಳಿಗೆ ಇದೇನೂ ದೊಡ್ಡ ವೇಗವಲ್ಲ.

ಈಗ ಇದರಿಂದ ಎಷ್ಟು ಒತ್ತಡ ಹಾಳಾಗುತ್ತದೆ ನೋಡಿ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಒಂದೂವರೆ ಬಾರ್ ಬೂಸ್ಟ್, ಅಂದರೆ ಹೊರಗಿನ ಗಾಳಿಗಿಂತ ಅಷ್ಟು ಹೆಚ್ಚಿನ ಒತ್ತಡ, ಕೊಡುತ್ತಿದೆ ಅಂದುಕೊಳ್ಳೋಣ. ಹೊರಗಿನ ಗಾಳಿಯ ಒತ್ತಡವನ್ನೂ ಸೇರಿಸಿದರೆ ಮ್ಯಾನಿಫೋಲ್ಡ್ ಒಳಗೆ ಒಟ್ಟು 250 ಕಿಲೋಪಾಸ್ಕಲ್. ಅಲ್ಲಿರುವ ತಿರುವು, ಮೂಲೆ, ಕಿರಿದಾದ ಬಾಯಿ ಎಲ್ಲ ಸೇರಿ ಆ ವೇಗದಲ್ಲಿ ತಿನ್ನುವುದು ಒಂದೂವರೆ, ಎರಡು ಕಿಲೋಪಾಸ್ಕಲ್. ಶೇಕಡ 1ಕ್ಕೂ ಕಡಿಮೆ. ನೀವು ಹಾಕುವ ಹೊಸ ಮ್ಯಾನಿಫೋಲ್ಡ್ ಎಷ್ಟೇ ಚೆನ್ನಾಗಿರಲಿ, ಈ ನಷ್ಟವನ್ನು ಸೊನ್ನೆಗೆ ಇಳಿಸಿದರೂ ನಿಮಗೆ ಸಿಗುವ ಹೆಚ್ಚಿನ ಗಾಳಿ ಅಷ್ಟೇ. 250ಕ್ಕೆ 40 ಅಂದರೆ ಶೇಕಡ 16. ಎಲ್ಲಿಯ 1, ಎಲ್ಲಿಯ 16!

ಇನ್ನೊಂದು ಕಡೆಯಿಂದ ನೋಡಿ. 40 ಹಾರ್ಸ್ ಪವರ್ ಅಂದರೆ ಸುಮಾರು 30 ಕಿಲೋವ್ಯಾಟ್. ಒಳ್ಳೆಯ ಡೀಸೆಲ್ ಎಂಜಿನ್ ಕೂಡ ಉರಿಸಿದ ಇಂಧನದಲ್ಲಿ ನೂರಕ್ಕೆ ಸುಮಾರು ನಲವತ್ತು ಭಾಗವನ್ನು ಮಾತ್ರ ಕೆಲಸಕ್ಕೆ ಹಾಕುತ್ತದೆ. ಹಾಗಾಗಿ ಈ 40 ಬೇಕಿದ್ದರೆ ಫುಲ್ ಲೋಡಿನಲ್ಲಿ ಗಂಟೆಗೆ ಹೆಚ್ಚುಕಡಿಮೆ 8 ಲೀಟರ್ ಡೀಸೆಲ್ ಜಾಸ್ತಿ ಉರಿಯಬೇಕು. ಆ ಡೀಸೆಲ್ ಎಲ್ಲಿಂದ ಬರುತ್ತದೆ? ಮ್ಯಾನಿಫೋಲ್ಡ್ ಡೀಸೆಲ್ ಸುರಿಯುವುದಿಲ್ಲ. ಅದನ್ನು ಸುರಿಯುವುದು ಇಂಜೆಕ್ಟರ್. ಎಷ್ಟು ಸುರಿಯಬೇಕು ಅಂತ ಹೇಳುವುದು ಕಂಪ್ಯೂಟರ್ ಅಥವಾ ಪಂಪು. ಮಾರುವವರನ್ನು ಈ ಒಂದು ಪ್ರಶ್ನೆ ಕೇಳಿ ನೋಡಿ, ಮಾತು ಬೇರೆ ಕಡೆ ತಿರುಗುತ್ತದೆ.

ಡೀಸೆಲ್ ಎಂಜಿನ್ನಿನ ಸ್ವಭಾವವೇ ಹಾಗೆ. ಪೆಟ್ರೋಲ್ ಎಂಜಿನ್ನಿನಲ್ಲಿ ಥ್ರಾಟಲ್ ಎಷ್ಟು ತೆರೆದಿದ್ದೀರೋ ಅಷ್ಟು ಗಾಳಿ, ಆ ಗಾಳಿಗೆ ತಕ್ಕಷ್ಟು ಪೆಟ್ರೋಲ್. ಡೀಸೆಲ್‌ನಲ್ಲಿ ಉಲ್ಟಾ. ಗಾಳಿ ಯಾವಾಗಲೂ ಬೇಕಾದ್ದಕ್ಕಿಂತ ಜಾಸ್ತಿಯೇ ಇರುತ್ತದೆ, ನಿಮ್ಮ ಕಾಲು ಡೀಸೆಲ್ಲನ್ನು ಮಾತ್ರ ಹೆಚ್ಚುಕಡಿಮೆ ಮಾಡುತ್ತದೆ. ಒಂದು ಕಿಲೋ ಡೀಸೆಲ್ ಉರಿಯಲು ಲೆಕ್ಕದ ಪ್ರಕಾರ ಹದಿನಾಲ್ಕೂವರೆ ಕಿಲೋ ಗಾಳಿ ಸಾಕು. ಆದರೆ ಹೊಗೆ ಬಿಡದೆ ಉರಿಯಬೇಕಾದರೆ 18, 20 ಕಿಲೋ ಬೇಕು. ಫುಲ್ ಲೋಡಿನಲ್ಲೂ ಹೊಗೆ ಬಾರದ ಎಂಜಿನ್‌ಗೆ ಇನ್ನಷ್ಟು ಗಾಳಿ ಕೊಟ್ಟರೆ ಅದು ಸುಮ್ನೆ ಒಳಗೆ ಹೋಗಿ ಹೊರಗೆ ಬರುತ್ತದೆ. ಪವರ್ ಹೆಚ್ಚಾಗಲ್ಲ.

ಅದರ ಮೇಲೆ ಇವತ್ತಿನ ಟ್ರಕ್ಕುಗಳಲ್ಲಿ ಒಂದು ತಮಾಷೆ ಇದೆ. ಬೂಸ್ಟ್ ಸೆನ್ಸರ್ ಕೂತಿರುವುದು ಮ್ಯಾನಿಫೋಲ್ಡಿನ ಮೇಲೆಯೇ. ಅಲ್ಲಿ ಒಂದೂವರೆ ಬಾರ್ ಇರಬೇಕು ಅಂತ ಕಂಪ್ಯೂಟರಿಗೆ ಬರೆದಿಟ್ಟಿದ್ದರೆ, ದಾರಿ ಸಲೀಸಾದಾಗ ಅದು ಟರ್ಬೊವನ್ನು ಸ್ವಲ್ಪ ಸಡಿಲ ಬಿಡುತ್ತದೆ. ಮ್ಯಾನಿಫೋಲ್ಡ್ ಒಳಗೆ ಒತ್ತಡ ಅದೇ ಒಂದೂವರೆ. ಡೀಸೆಲ್ ಅಷ್ಟೇ. ಪವರ್ ಅಷ್ಟೇ. ಟರ್ಬೊಗೆ ಕೆಲಸ ಕೂದಲೆಳೆಯಷ್ಟು ಕಡಿಮೆಯಾಯಿತು, ಲಾಭ ಅಂದರೆ ಅದೊಂದೇ.

ಹಾಗಾದರೆ 'ನಾನು ಹಾಕಿಸಿದೆ, ಎಳೆತ ಜಾಸ್ತಿಯಾಯ್ತು' ಅನ್ನುವವರು ಸುಳ್ಳು ಹೇಳುತ್ತಿದ್ದಾರಾ? ಇಲ್ಲ. ಅವರಲ್ಲಿ ಹೆಚ್ಚಿನವರು ನಿಜವನ್ನೇ ಹೇಳುತ್ತಾರೆ, ಕಾರಣ ಮಾತ್ರ ತಪ್ಪಿರುತ್ತದೆ. ಹಿಂದೆ ನನ್ನ ಹತ್ತಿರ ಒಂದು ಟ್ರಕ್ ಬಂದಿತ್ತು. ಮಾಲೀಕರೇ ಹೊಸ ಮ್ಯಾನಿಫೋಲ್ಡ್ ತಂದಿದ್ದರು. ಹಾಕಿ ಕಳಿಸಿದೆವು, ಭಾರಿ ಖುಷಿಯಾದರು. ನನಗೆ ಅನುಮಾನ. ಬಿಚ್ಚಿಟ್ಟ ಹಳೇ ಸಾಮಾನನ್ನೆಲ್ಲ ಮೇಜಿನ ಮೇಲೆ ಹರಡಿ ನೋಡಿದೆ. ಇಂಟರ್‌ಕೂಲರಿನಿಂದ ಬರುವ ರಬ್ಬರ್ ಹೋಸಿನಲ್ಲಿ, ಸರಿಯಾಗಿ ಕ್ಲಾಂಪ್ ಕೂರುವ ಜಾಗದ ಕೆಳಗೆ, ಉಗುರಿನಷ್ಟು ಉದ್ದದ ಸೀಳು. ಎಂಜಿನ್ ಐಡಲ್ ಇದ್ದಾಗ ಅದು ಮುಚ್ಚಿಕೊಂಡಿರುತ್ತದೆ. ಬೂಸ್ಟ್ ಏರಿದಾಗ ಬಾಯಿ ಬಿಡುತ್ತದೆ. ಹೊಸ ಮ್ಯಾನಿಫೋಲ್ಡಿನ ಕಿಟ್ ಜೊತೆ ಹೊಸ ಹೋಸು ಬಂದಿತ್ತು. ಅವರಿಗೆ ಎಳೆತ ವಾಪಸ್ ಕೊಟ್ಟದ್ದು ಆ ಹೋಸು.

ಈಗ ನಿಮ್ಮ ಕಪ್ಪು ಹೊಗೆಗೆ ಬರೋಣ. ಕಪ್ಪು ಹೊಗೆ ಅಂದರೆ ಇರುವ ಗಾಳಿಗೆ ಡೀಸೆಲ್ ಜಾಸ್ತಿ, ಅಥವಾ ಡೀಸೆಲ್ ಸರಿಯಾಗಿ ಹುಡಿಯಾಗಿ ಬೀಳುತ್ತಿಲ್ಲ. ಮೊದಲು ಬಾರದ ಹೊಗೆ ಈಗ ಬರುತ್ತಿದೆ, ಜೊತೆಗೆ ಎಳೆತವೂ ಹೋಗಿದೆ. ಎರಡನ್ನೂ ಸೇರಿಸಿ ನೋಡಿದರೆ ಗಾಳಿಯ ದಾರಿಯಲ್ಲಿ ಎಲ್ಲೋ ಸೋರಿಕೆ ಅಥವಾ ತಡೆ ಇರುವ ಸಂಭವ ಜಾಸ್ತಿ.

ಏರ್ ಫಿಲ್ಟರ್‌ನಿಂದ ಶುರುಮಾಡಿ. ನಗಬೇಡಿ. ಫಿಲ್ಟರ್ ಡಬ್ಬಿಯ ಮೇಲೆ ತಡೆ ತೋರಿಸುವ ಪುಟ್ಟ ಇಂಡಿಕೇಟರ್ ಇರುತ್ತದೆ. ಸಾಮಾನ್ಯವಾಗಿ 25 ಇಂಚು ನೀರಿನ ಒತ್ತಡ, ಅಂದರೆ ಸುಮಾರು 6 ಕಿಲೋಪಾಸ್ಕಲ್ ದಾಟಿದರೆ ಕೆಂಪಾಗುತ್ತದೆ. ಮ್ಯಾನಿಫೋಲ್ಡಿನಲ್ಲಿ ಹೋಗುವುದಕ್ಕಿಂತ ಮೂರು ಪಟ್ಟು ನಷ್ಟ ಇಲ್ಲೇ ಆಗಬಹುದು ನೋಡಿ. ಅದೂ ಟರ್ಬೊಗಿಂತ ಮುಂಚೆ, ಒತ್ತಡ ಕಡಿಮೆ ಇರುವ ಜಾಗದಲ್ಲಿ. ಅಲ್ಲಿ ಪ್ರತಿ ಕಿಲೋಪಾಸ್ಕಲ್ಲೂ ದುಬಾರಿ.

ಆಮೇಲೆ ಸೋರಿಕೆಯ ಪರೀಕ್ಷೆ. ಟರ್ಬೊದಿಂದ ಹೊರಡುವ ಹೋಸ್ ಬಿಚ್ಚಿ, ಅದರ ಬಾಯಿಗೆ ಗಟ್ಟಿ ಮುಚ್ಚಳ ಕಟ್ಟಿ, ರೆಗ್ಯುಲೇಟರ್ ಮೂಲಕ ನಿಧಾನಕ್ಕೆ ಒಂದು ಬಾರ್ ಗಾಳಿ ತುಂಬಿಸಿ. ಸೋಪಿನ ನೀರು ಹಚ್ಚುತ್ತಾ ಹೋಗಿ. ಗುಳ್ಳೆ ಎಲ್ಲಿ ಎದ್ದರೂ ಕಳ್ಳ ಅಲ್ಲಿದ್ದಾನೆ. ಕಿವಿಯೂ ಬಹಳ ಹೇಳುತ್ತದೆ. ಮುಚ್ಚಳದ ಎದುರಿಗೆ ಮಾತ್ರ ನಿಲ್ಲಬೇಡಿ, ಹಾರಿದರೆ ಹಲ್ಲು ಹೋಗುತ್ತದೆ.

ಮೂರನೆಯದು ಇಂಟರ್‌ಕೂಲರ್. ಅದರ ಮುಖಕ್ಕೆ ಧೂಳು, ಹುಳ, ಎಣ್ಣೆ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ರೇಡಿಯೇಟರಿಗೂ ಅದಕ್ಕೂ ನಡುವಿನ ಸಂದಿಯಲ್ಲಂತೂ ಕಣ್ಣಿಗೇ ಕಾಣುವುದಿಲ್ಲ. ಇದು ಯಾಕೆ ಮುಖ್ಯ ಅಂದರೆ, ಮ್ಯಾನಿಫೋಲ್ಡಿಗೆ ಬರುವ ಗಾಳಿ 3 ಡಿಗ್ರಿ ತಣ್ಣಗಾದರೆ ಹತ್ತಿರ ಹತ್ತಿರ ಶೇಕಡ 1ರಷ್ಟು ಗಾಳಿ ಜಾಸ್ತಿ ಹಿಡಿಯುತ್ತದೆ. ಕೊಳೆ ತೊಳೆದು 15 ಡಿಗ್ರಿ ಇಳಿಸಿದರೆ ಶೇಕಡ 5. ಅತ್ಯುತ್ತಮ ಮ್ಯಾನಿಫೋಲ್ಡ್ ಕೊಡುವುದರ ಐದು ಪಟ್ಟು, ಖರ್ಚು ಒಂದಿಷ್ಟು ನೀರು ಮತ್ತು ಸೋಪು. ಜೋರು ಪ್ರೆಶರಿನಲ್ಲಿ ಹೊಡೆದು ಫಿನ್ ಮಡಚಬೇಡಿ, ಅಷ್ಟೇ.

ಇಷ್ಟೂ ಸರಿ ಇದ್ದರೆ ಇಜಿಆರ್ ವಾಲ್ವ್ ನೋಡಿ. ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ ಒಳಗೆ ಬಿಟ್ಟು ಉರಿಯ ಬಿಸಿ ತಗ್ಗಿಸಿ, ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡುವುದು ಇಜಿಆರ್ ಕೆಲಸ. ಏರಿನಲ್ಲಿ ಪೂರ್ತಿ ಕಾಲು ಒತ್ತಿದಾಗ ಹಲವು ಎಂಜಿನ್‌ಗಳಲ್ಲಿ ಈ ವಾಲ್ವ್ ಮುಚ್ಚಿಕೊಳ್ಳಬೇಕು. ಮಸಿ ಕಟ್ಟಿ ತೆರೆದೇ ಸಿಕ್ಕಿಹಾಕಿಕೊಂಡರೆ ಒಳ್ಳೆಯ ಗಾಳಿಯ ಜಾಗವನ್ನು ಹೊಗೆ ತಿನ್ನುತ್ತದೆ. ಆಗ ನೀವು ಹೇಳಿದ್ದೇ ಆಗುವುದು: ಎಳೆತ ಇಲ್ಲ, ಕಪ್ಪು ಹೊಗೆ. ಇದಕ್ಕೆ ಮದ್ದು ವಾಲ್ವ್ ಕ್ಲೀನ್ ಮಾಡುವುದು ಅಥವಾ ಬದಲಿಸುವುದು.

ಪ್ಲೇಟ್ ಹೊಡೆದು ಮುಚ್ಚುವುದು ಬೇಡ. ಸರಿಯಾಗಿ ಕೆಲಸ ಮಾಡುವ ವಾಲ್ವ್ ಏರಿನಲ್ಲಿ ಹೇಗೂ ಮುಚ್ಚಿಕೊಂಡಿದ್ದರೆ, ಪ್ಲೇಟಿನಿಂದ ಅಲ್ಲಿ ಏನೂ ಸಿಗುವುದಿಲ್ಲ. ಎಷ್ಟು ಹೊಗೆ ವಾಪಸ್ ಬರುತ್ತಿದೆ ಅಂತ ಕಂಪ್ಯೂಟರ್ ನೋಡುತ್ತಲೇ ಇರುತ್ತದೆ. ಲೆಕ್ಕ ತಪ್ಪಿದರೆ ಲೈಟ್ ಹಾಕುತ್ತದೆ, ಎಷ್ಟೋ ಎಂಜಿನ್‌ಗಳಲ್ಲಿ ಪವರನ್ನೇ ಕಟ್ ಮಾಡುತ್ತದೆ. ಹೊಗೆಯ ಕಾನೂನು ಇರುವ ಕಡೆ ಅದು ತಪ್ಪೂ ಹೌದು. 'ಎಲ್ಲರೂ ಮಾಡಿಸುತ್ತಾರೆ' ಅನ್ನುವುದು ಗೊತ್ತು. ನಾನು ಮಾಡಿಕೊಡುವುದಿಲ್ಲ.

ಈಗ ಆಗಲೇ ಹೇಳಿದ ಮಸಿಯ ಮಾತು. ಇಜಿಆರ್‌ನಿಂದ ಬರುವ ಒಣ ಮಸಿ, ಎಂಜಿನ್ ಉಸಿರಿನ ಜೊತೆ ಬರುವ ಆಯಿಲ್ ಹಬೆ ಎರಡೂ ಮ್ಯಾನಿಫೋಲ್ಡ್ ಒಳಗೆ ಸೇರಿದರೆ ಕರಿ ಪೇಸ್ಟ್ ಆಗುತ್ತದೆ. ವರ್ಷಗಟ್ಟಲೆ ಅದು ಪದರ ಪದರವಾಗಿ ಕೂರುತ್ತದೆ. ನಾನು ಬಿಚ್ಚಿದ ಒಂದು ಮ್ಯಾನಿಫೋಲ್ಡಿನಲ್ಲಿ ಮೂರು ಬೆರಳು ಹೋಗಬೇಕಾದ ದಾರಿಯಲ್ಲಿ ಹೆಬ್ಬೆರಳು ಕಷ್ಟಪಟ್ಟು ಹೋಯಿತು. ಹೊರಗೆ ಎಳೆದರೆ ಉಗುರಿನ ಸಂದಿಯಲ್ಲೆಲ್ಲ ಟಾರು. ಅಂಥ ಮ್ಯಾನಿಫೋಲ್ಡಿಗೆ ನಾನು ಮೇಲೆ ಹೇಳಿದ 'ಶೇಕಡ 1' ಲೆಕ್ಕ ಅನ್ವಯಿಸುವುದಿಲ್ಲ. ದಾರಿ ಅರ್ಧವಾದರೆ ಗಾಳಿಯ ವೇಗ ಎರಡು ಪಟ್ಟು, ಒತ್ತಡದ ನಷ್ಟ ನಾಲ್ಕು ಪಟ್ಟು. ಜೊತೆಗೆ ಒಂದು ಸಿಲಿಂಡರಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಗಾಳಿ ಹೋಗುತ್ತದೆ. ಅದನ್ನು ಬಿಚ್ಚಿ, ನೆನೆಹಾಕಿ, ಉಜ್ಜಿ ತೊಳೆದು ಹಾಕಿದರೆ ಟ್ರಕ್ ಹೊಸದಾದಂತೆ ಅನಿಸುತ್ತದೆ. ಹೊಸ ಮ್ಯಾನಿಫೋಲ್ಡ್ ಹಾಕಿದವರಿಗೂ ಎಷ್ಟೋ ಸಲ ಆಗಿರುವುದು ಇದೇ: ಕೊಳಕು ಹೋಗಿ ಸ್ವಚ್ಛವಾದದ್ದು ಬಂತು. ಎಂಜಿನ್ ಓಡುತ್ತಿರುವಾಗಲೇ ಸ್ಪ್ರೇ ಹೊಡೆದು ಕ್ಲೀನ್ ಮಾಡುವ ಉಪಾಯ ಡೀಸೆಲ್‌ಗೆ ಬೇಡವೇ ಬೇಡ. ಸ್ಪ್ರೇಯೇ ಇಂಧನವಾಗಿ ಎಂಜಿನ್ ಕೈಮೀರಿ ಓಡಬಹುದು, ಮಸಿಯ ಗಡ್ಡೆ ಕಳಚಿ ವಾಲ್ವ್ ಕೆಳಗೆ ಸಿಕ್ಕಬಹುದು.

ಇದೆಲ್ಲ ಮಾಡಿಯೂ ಹೊಗೆ ನಿಲ್ಲದಿದ್ದರೆ ಇಂಜೆಕ್ಟರ್, ಟರ್ಬೊ ಎರಡನ್ನೂ ಪರೀಕ್ಷೆಗೆ ಹಾಕಬೇಕು. ಅದು ಬೇರೆಯದೇ ಕಥೆ, ಇಲ್ಲಿ ಬೇಡ.

ಹಾಗಂತ ದೊಡ್ಡ ಮ್ಯಾನಿಫೋಲ್ಡ್ ಯಾರಿಗೂ ಬೇಡ ಅಂತಲ್ಲ. ಕೆಲವು ಆರು ಸಿಲಿಂಡರಿನ ಎಂಜಿನ್‌ಗಳಲ್ಲಿ ಗಾಳಿ ಒಂದು ತುದಿಯಿಂದ ಒಳಗೆ ಬಂದು ಉದ್ದಕ್ಕೆ ಹಂಚಿಕೆಯಾಗುತ್ತದೆ. ಎಲ್ಲ ಸಿಲಿಂಡರಿಗೂ ಸಮನಾಗಿ ಹೋಗುವುದಿಲ್ಲ. ಕಡಿಮೆ ಗಾಳಿ ಸಿಕ್ಕ ಸಿಲಿಂಡರ್ ಉಳಿದವಕ್ಕಿಂತ ಬಿಸಿಯಾಗಿ ಓಡುತ್ತದೆ. ಡೀಸೆಲ್ ಏರಿಸಿ, ದೊಡ್ಡ ಟರ್ಬೊ ಹಾಕಿ, ಗಾಳಿಯನ್ನು ಎರಡು ಪಟ್ಟು ಮಾಡಿದವರಿಗೆ ಈ ವ್ಯತ್ಯಾಸ ಪಿಸ್ಟನ್ ಕರಗಿಸುವಷ್ಟು ದೊಡ್ಡದಾಗುತ್ತದೆ. ಅಂಥವರಿಗೆ ಹಂಚಿಕೆ ಸರಿ ಮಾಡುವ ಮ್ಯಾನಿಫೋಲ್ಡ್ ದುಡ್ಡಿಗೆ ತಕ್ಕ ವಸ್ತು. ಅವರು ಅದನ್ನು ಹಾಕುವುದು ಪವರಿಗಿಂತ ಹೆಚ್ಚಾಗಿ ಎಂಜಿನ್ ಉಳಿಸಿಕೊಳ್ಳಲು.

ಪೆಟ್ರೋಲ್ ಎಂಜಿನ್ ಇರುವ, ಟರ್ಬೊ ಇಲ್ಲದ ಟ್ರಕ್ಕುಗಳ ಮಾತಂತೂ ಪೂರ್ತಿ ಬೇರೆ. ನಿಮ್ಮ ಸ್ನೇಹಿತರು ಕೇಳಿದ ಕಥೆ ಅಲ್ಲಿಂದಲೇ ಬಂದಿರಬೇಕು. ಅಲ್ಲಿ ಗಾಳಿಯನ್ನು ತಳ್ಳುವವರಿಲ್ಲ, ಎಂಜಿನ್ ತಾನೇ ಎಳೆದುಕೊಳ್ಳಬೇಕು. ವಾಲ್ವ್ ಮುಚ್ಚಿದಾಗ ಗಾಳಿಯ ಅಲೆ ಬಡಿದು ವಾಪಸ್ ಹೋಗುತ್ತದೆ. ಪೈಪಿನ ಉದ್ದ ಸರಿಯಾಗಿದ್ದರೆ ಮುಂದಿನ ಸಲ ವಾಲ್ವ್ ತೆರೆಯುವಾಗ ಆ ಅಲೆ ಸರಿಯಾದ ಹೊತ್ತಿಗೆ ಬಂದು ಗಾಳಿಯನ್ನು ಒಳಗೆ ತುಂಬುತ್ತದೆ. ಉದ್ದ ಪೈಪು ಕಡಿಮೆ ಆರ್‌ಪಿಎಂಗೆ, ಗಿಡ್ಡ ಪೈಪು ಹೆಚ್ಚು ಆರ್‌ಪಿಎಂಗೆ. 1960ರ ಕ್ರೈಸ್ಲರ್ 300ಎಫ್ ಕಾರಿನಲ್ಲಿ ಇದಕ್ಕೆಂದೇ 30 ಇಂಚು ಉದ್ದದ ಪೈಪುಗಳನ್ನು ಎಂಜಿನ್ ಮೇಲೆ ಅಡ್ಡಡ್ಡ ಹಾಯಿಸಿದ್ದರು. ಬಾನೆಟ್ ತೆಗೆದರೆ ದೊಡ್ಡ ಜೇಡ ಕೂತ ಹಾಗೆ ಕಾಣುತ್ತದೆ. ಇಲ್ಲಿ ನೆನಪಿಡಬೇಕಾದ್ದು ಏನೆಂದರೆ, ಪೆಟ್ರೋಲಿನಲ್ಲೂ ಗಿಡ್ಡ, ದೊಡ್ಡ ಬಾಯಿಯ ಮ್ಯಾನಿಫೋಲ್ಡ್ ಪವರ್ ಕೊಡುವುದು ಮೇಲಿನ ಆರ್‌ಪಿಎಂನಲ್ಲಿ. ಕೆಳಗೆ ಗಾಳಿಯ ವೇಗ ಸತ್ತು ಎಳೆತ ಕಡಿಮೆಯಾಗುತ್ತದೆ. ಲೋಡ್ ಎಳೆಯುವವರಿಗೆ ಬೇಕಾದದ್ದು ಕೆಳಗಿನ ಎಳೆತವೇ ಅಲ್ವಾ? ಒಳಗೆ ಕನ್ನಡಿಯ ಹಾಗೆ ಪಾಲಿಶ್ ಮಾಡಿಸಿದರೆ ಪವರ್ ಬರುತ್ತೆ ಅನ್ನುವುದು ನೋಡುವುದಕ್ಕೆ ಮಾತ್ರ ಚೆಂದ.

ಇನ್ನು, ಟ್ರಕ್ ಮೊದಲಿನ ಸ್ಥಿತಿಗೆ ಬಂದ ಮೇಲೂ ನಿಮಗೆ ಜಾಸ್ತಿ ಪವರ್ ಬೇಕು ಅನಿಸಿದರೆ, ಡೀಸೆಲ್ ಮತ್ತು ಬೂಸ್ಟ್ ಎರಡನ್ನೂ ಒಟ್ಟಿಗೆ ಏರಿಸಬೇಕು. ಒಳ್ಳೆಯ ಟ್ಯೂನರ್ ಕೈಯಲ್ಲಿ 40 ಬರುವುದು ದೊಡ್ಡ ಮಾತಲ್ಲ. ಅಪಾಯ ಬಿಸಿಯಲ್ಲಿದೆ. ಪಿಸ್ಟನ್ ಮಾಡುವ ಅಲ್ಯುಮಿನಿಯಂ 570 ಡಿಗ್ರಿ ಆಸುಪಾಸಿನಲ್ಲೇ ಕರಗಲು ಶುರುವಾಗುತ್ತದೆ. ಆಯಿಲ್ ಮತ್ತು ಸಿಲಿಂಡರ್ ಗೋಡೆ ಬಿಸಿಯನ್ನು ಎಳೆದುಕೊಳ್ಳುವುದರಿಂದ ಮಾತ್ರ ಅದು ಬದುಕಿದೆ. ಟರ್ಬೊಗೆ ಮುಂಚೆ ಎಕ್ಸಾಸ್ಟಿನಲ್ಲಿ ಬಿಸಿ ತೋರಿಸುವ ಗೇಜ್ ಹಾಕಿಸದೆ ಡೀಸೆಲ್ ಏರಿಸಬೇಡಿ. ಉದ್ದದ ಏರಿನಲ್ಲಿ ಅದು 700 ಡಿಗ್ರಿ ದಾಟುತ್ತಿದ್ದರೆ ಕಾಲು ಎತ್ತಬೇಕು. ಕ್ಲಚ್, ಹೆಡ್ ಗ್ಯಾಸ್ಕೆಟ್, ಗೇರ್ ಬಾಕ್ಸ್ ಮೂರೂ 250ಕ್ಕೆ ಮಾಡಿದವು, 11 ವರ್ಷ ದುಡಿದವು ಅನ್ನುವುದೂ ನೆನಪಿರಲಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಇಷ್ಟು ಹಳೇ ಎಂಜಿನ್‌ಗೆ ಕೈ ಹಾಕುತ್ತಿರಲಿಲ್ಲ.

ಮ್ಯಾನಿಫೋಲ್ಡ್ ಬಿಚ್ಚುವುದಂತೂ ಹೇಗೂ ಆಗಬಹುದು, ತೊಳೆಯಲಿಕ್ಕಾದರೂ. ಅದಕ್ಕೆ ಎರಡು ಮಾತು. ಬಿಚ್ಚಿದ ಕೂಡಲೇ ಹೆಡ್ಡಿನ ಪ್ರತಿ ತೂತಿಗೂ ಸ್ವಚ್ಛ ಬಟ್ಟೆ ತುರುಕಿ, ಎಷ್ಟು ತುರುಕಿದಿರಿ ಅಂತ ಗೋಡೆ ಮೇಲೆ ಬರೆದಿಡಿ. ನಾನು ಕಲಿಯುವ ಕಾಲದಲ್ಲಿ ಒಂದು ಪುಟ್ಟ ನಟ್ ಕೈಜಾರಿ ಒಳಗೆ ಹೋಗಿ, ಅದನ್ನು ತೆಗೆಯಲು ಹೆಡ್ಡೇ ಇಳಿಸಬೇಕಾಯಿತು. ಆಮೇಲೆ ಒಂದು ವಾರ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಎರಡನೆಯದು, ಹಳೇ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ. ಬೋಲ್ಟುಗಳನ್ನು ನಡುವಿನಿಂದ ಹೊರಗೆ, ಎರಡು ಸುತ್ತಿನಲ್ಲಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ಕೂಡಿಸಿದ ಮೇಲೆ ಸೋಪಿನ ನೀರಿನ ಪರೀಕ್ಷೆ ಇನ್ನೊಮ್ಮೆ.

ಹಳೇ ಮ್ಯಾನಿಫೋಲ್ಡ್ ಕೊಡಬೇಡಿ. ನನ್ನ ಮಾತು ಮೀರಿ ಹೊಸದು ಹಾಕಿಸಿದರೂ ಕೊಡಬೇಡಿ. ಬೇರೆ ಕಂಪನಿಯ ಮ್ಯಾನಿಫೋಲ್ಡಿನಲ್ಲಿ ಬೂಸ್ಟ್ ಸೆನ್ಸರ್, ಬಿಸಿಯ ಸೆನ್ಸರ್, ಚಳಿಯಲ್ಲಿ ಸ್ಟಾರ್ಟ್ ಮಾಡುವ ಹೀಟರ್, ಇಜಿಆರ್ ಪೈಪು ಇವುಗಳ ಜಾಗ ಸ್ವಲ್ಪ ಆಚೀಚೆ ಇದ್ದರೂ ಕಂಪ್ಯೂಟರ್ ಓದುವ ಲೆಕ್ಕ ಬದಲಾಗುತ್ತದೆ. ಆಗ ತೊಂದರೆ ಎಲ್ಲಿದೆ ಅಂತ ಹಿಡಿಯಲು ಹಳೆಯದನ್ನು ವಾಪಸ್ ಹಾಕಿ ನೋಡುವುದೇ ಸುಲಭದ ದಾರಿ. ಕೇಳಿದವರಿಗೆ ಸದ್ಯಕ್ಕೆ ಇಲ್ಲ ಅನ್ನಿ. ಅದನ್ನು ತೊಳೆದು, ಒರೆಸಿ, ಬಾಯಿಗೆ ಟೇಪ್ ಅಂಟಿಸಿ ಒಣಗಿದ ಜಾಗದಲ್ಲಿ ಇಡಿ. ಟೇಪ್ ಮರೆಯಬೇಡಿ, ಇಲಿ ಗೂಡು ಕಟ್ಟಿದ್ದನ್ನೂ ನೋಡಿದ್ದೇನೆ.